ಊಹಿಸಿದ ಆದಾಯ

ಕುರ್ಚಿ ಹಾಕುವುದು ತನ್ನ ಕೆಲಸವಲ್ಲವೆಂದು ಕುಮುದಾಗೆ ಚೆನ್ನಾಗಿ ಗೊತ್ತಿತ್ತು, ಆದರೂ ಹಾಕುತ್ತಿದ್ದಳು. ಇಲ್ಲದವರಿಗೆ ಬಾಡಿಗೆಮನೆ ಕೊಡುವ ಸರ್ಕಾರಿ ಹೌಸಿಂಗ್ ಅಥಾರಿಟಿಯ ಬಜೆಟ್ ನೋಡಿಕೊಳ್ಳುವವಳು ಅವಳು. ಮೈಸೂರಿನಲ್ಲಿ ಒಂದು, ಆರ್ಲಿಂಗ್ಟನ್ನಿನಲ್ಲಿ ಒಂದು ಎಂದು ಎರಡು ಎಂ.ಎ. ಮಾಡಿಕೊಂಡವಳು. ಮೇಂಟೆನೆನ್ಸಿನವರು ಮೇಲಿನ ಮಹಡಿಯಲ್ಲಿ ಕೆಟ್ಟುನಿಂತ ಏಸಿಯ ಹಿಂದೆ ಬಿದ್ದಿದ್ದರು. ಡೈರೆಕ್ಟರ್ ವಾಂಡಾ ಬಾಗಿಲಲ್ಲಿ ತಲೆ ಹಾಕಿ, "ಕೂ, ಹೇಗೂ ನೀನು ಇಲ್ಲೇ ಇದ್ದೀಯಲ್ಲ" ಎಂದಷ್ಟೇ ಹೇಳಿ ಹೋಗಿದ್ದಳು. ಕುಮುದಾ ಎಂಬ ಹೆಸರು ಕೆಲಸಕ್ಕೆ ಸೇರಿದ ಮೊದಲ ವಾರವೇ ವಾಂಡಾಳ ಬಾಯಲ್ಲಿ ಸವೆದು ಕೂ ಆಗಿತ್ತು. ಇವತ್ತು ಸಂಜೆ ಈ ಹಾಲಿನಲ್ಲಿ, ಹೂಸ್ಟನ್ನಿನ ದಕ್ಷಿಣಕ್ಕಿದ್ದ ಆ ಸಣ್ಣ ಊರಿನ ವೃದ್ಧರ ಸರ್ಕಾರಿ ಕಟ್ಟಡದ ನೆಲಮಹಡಿಯಲ್ಲಿ, ಬೋರ್ಡಿನವರು ಬಂದು ಕುಳಿತು ಮುಂದಿನ ವರ್ಷದ ಬಜೆಟ್ಟನ್ನೂ ಬಾಡಿಗೆಯ ಹೊಸ ನಿಯಮವನ್ನೂ ಓಟಿಗೆ ಹಾಕುವವರಿದ್ದರು. ಅದಕ್ಕೆ ಮೊದಲು ಬಾಡಿಗೆದಾರರಿಗೆ ಏನಾದರೂ ಹೇಳುವುದಿದ್ದರೆ ಹೇಳಬಹುದು, ಕಾನೂನೇ ಹಾಗಿತ್ತು. ಕುರ್ಚಿ ಕಡಿಮೆಯಾದರೆ ಜನವೂ ಕಡಿಮೆಯಾಗುತ್ತಾರೆ ಎನ್ನುವ ಹಾಗೆ ಅವಳು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುತ್ತಿದ್ದಳು. ನಿಜ ಹೇಳಬೇಕೆಂದರೆ ಬರಬಾರದೆಂದು ಅವಳು ಬಯಸುತ್ತಿದ್ದದ್ದು ಒಬ್ಬರನ್ನು ಮಾತ್ರ. ಊರೆಲ್ಲ ಬರಲಿ, ನಾಲ್ಕನೆಯ ಮಹಡಿಯ ಲೀಲಾವತಿ ಆಂಟಿ ಒಬ್ಬರಿಗೆ ಇವತ್ತು ಮಂಡಿನೋವು ಜಾಸ್ತಿಯಾಗಲಿ, ಲಿಫ್ಟ್ ಕೈಕೊಡಲಿ ಎಂದು ಅವಳ ಮನಸ್ಸು ಬೆಳಗಿನಿಂದ ಹರಕೆ ಹೊರುತ್ತಿತ್ತು. ಆಂಟಿ ನಿನ್ನೆ ಆಫೀಸಿಗೇ ಫೋನ್ ಮಾಡಿದ್ದರು. "ನಾಳೆ ಮೀಟಿಂಗಲ್ಲಿ ನಾನೂ ಮಾತಾಡ್ತೀನಿ ಕಣೇ. ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಅವರಿಗೆ ಇಂಗ್ಲಿಷಲ್ಲಿ ಹೇಳ್ಬಿಡು." ಏನು ಹೇಳುತ್ತೀರಿ ಎಂದು ಕುಮುದಾ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಬಾಡಿಗೆಯ ಲೆಕ್ಕ ಹೊರಗಿನವರಿಗೆ ಒಗಟು, ಒಳಗಿನವರಿಗೆ ಮಗ್ಗಿ. ಇಲ್ಲಿರುವವರು ತಮ್ಮ ಆದಾಯದ ನೂರಕ್ಕೆ ಮೂವತ್ತರಷ್ಟು ಬಾಡಿಗೆ ಕೊಡಬೇಕು. ಆದಾಯವೇ ಇಲ್ಲದವರು ಬೋರ್ಡು ಗೊತ್ತುಮಾಡಿದ ಕನಿಷ್ಠ ಬಾಡಿಗೆ ಕೊಟ್ಟರೆ ಸಾಕು. ಕಟ್ಟಡ ನಡೆಸುವ ಖರ್ಚಿಗೆ ಅದು ಸಾಲದೆ ಹೋದಾಗ ಉಳಿದದ್ದನ್ನು ವಾಷಿಂಗ್‌ಟನ್ ತುಂಬಿಕೊಡುತ್ತದೆ. ಈ ಸಲ ವಾಷಿಂಗ್‌ಟನ್ ಕೈ ಬಿಗಿಹಿಡಿದಿತ್ತು. ಛಾವಣಿ ಸೋರುತ್ತಿತ್ತು, ಲಿಫ್ಟು ಮುಲುಗುತ್ತಿತ್ತು, ವಿಮೆಯವರು ಕಂತು ಏರಿಸಿದ್ದರು. ತೂತು ಮುಚ್ಚಲು ಬೋರ್ಡಿನ ಕೈಯಲ್ಲಿ ಇದ್ದದ್ದು ಎರಡೇ ದಾರಿ. ಖರ್ಚು ಇಳಿಸಬೇಕು, ಇಲ್ಲವೇ ಯಾವುದನ್ನು ಆದಾಯ ಎನ್ನಬೇಕು ಎಂಬುದನ್ನು ಸ್ವಲ್ಪ ಹಿಗ್ಗಿಸಬೇಕು. ಮಾರ್ಚ್ ತಿಂಗಳ ಮೀಟಿಂಗಿನಲ್ಲಿ ಅಧ್ಯಕ್ಷ ಕೋಪ್‌ಲ್ಯಾಂಡ್, ಮರದ ಅಡ್ಡೆ ಇಟ್ಟುಕೊಂಡಿದ್ದ ಬಿಳಿಹುಬ್ಬಿನ ಸಜ್ಜನ, ಸ್ಯಾಂಡ್‌ವಿಚ್ ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದ್ದರು. "ಈ ಭಾರತೀಯ ಅಜ್ಜ ಅಜ್ಜಿಯರು ಇದ್ದಾರಲ್ಲ, ಇವರಿಗೆ ಪೆನ್ಶನ್ ಇಲ್ಲ, ಸರ್ಕಾರದ ಭತ್ಯೆ ಇಲ್ಲ. ಇವರು ಜೀವನ ಹೇಗೆ ಮಾಡುತ್ತಾರೆ?" ಆ ಮೇಜಿನ ಸುತ್ತ ಇದ್ದವರೆಲ್ಲ ಅವಳ ಕಡೆ ತಿರುಗಿದ್ದರು. ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ಅಂಕಿ ಬಿಟ್ಟು ಇನ್ನೇನಾದರೂ ಕೇಳಿದ್ದು ಅದೇ ಮೊದಲು. ಕುಮುದಾ ಬೆನ್ನು ನೆಟ್ಟಗೆ ಮಾಡಿ ಕುಳಿತು, "ನಮ್ಮಲ್ಲಿ ಮಕ್ಕಳು ತಂದೆತಾಯಿಗಳ ಕೈ ಬಿಡುವುದಿಲ್ಲ. ತಾಯಿಯನ್ನು ನೋಡಿಕೊಳ್ಳದ ಮಗ ನಮ್ಮ ಜನರ ನಡುವೆ ತಲೆಯೆತ್ತಿ ಓಡಾಡುವುದಕ್ಕೆ ಆಗುವುದಿಲ್ಲ" ಎಂದಿದ್ದಳು. ಹೇಳುವಾಗ ಎದೆ ಉಬ್ಬಿತ್ತು, ಸುಳ್ಳೇಕೆ. ಕೋಪ್‌ಲ್ಯಾಂಡ್ ತಮ್ಮ ತಾಯಿ ಬೋಮಾಂಟಿನ ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡರೆಂದೂ ತಾವು ಕ್ರಿಸ್‌ಮಸ್ಸಿಗೆ ಮಾತ್ರ ಹೋಗುತ್ತಿದ್ದೆವೆಂದೂ ಹೇಳಿ, "ನಿಮ್ಮವರಿಂದ ನಾವು ಕಲಿಯುವುದಿದೆ" ಎಂದಿದ್ದರು. ಅವಳು ಅದನ್ನು ಮನೆಗೆ ಬಂದು ಗಂಡ ವೆಂಕಟೇಶನಿಗೆ ಹೇಳಿದ್ದಳು, ಫೋನಿನಲ್ಲಿ ಅಣ್ಣನಿಗೂ ಹೇಳಿದ್ದಳು. ಮುಂದಿನ ವಾರ ವಾಂಡಾ ಅವಳ ಮೇಜಿಗೆ ಒರಗಿ ನಿಂತು, "ಆವತ್ತು ನೀನು ಹೇಳಿದೆಯಲ್ಲ ಮಕ್ಕಳ ವಿಷಯ, ಅದಕ್ಕೊಂದು ಅಂಕಿ ಹಾಕು ನೋಡೋಣ" ಎಂದಿದ್ದಳು.

ಅಂಕಿ ಹಾಕಿದ್ದಳು. ತಂದೆತಾಯಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳುವಾಗ ಅವರ ಹೊಣೆ ನನ್ನದು ಎಂದು ಮಕ್ಕಳು ಸರ್ಕಾರಕ್ಕೆ ಬರೆದುಕೊಟ್ಟಿರುತ್ತಾರೆ. ಅಂಥ ಮಕ್ಕಳು ತಿಂಗಳು ತಿಂಗಳು ಇಷ್ಟು ಕೊಡುತ್ತಿದ್ದಾರೆ ಎಂದು ಇಟ್ಟುಕೊಂಡು ಅದರ ಮೇಲೆ ಬಾಡಿಗೆ ಕಟ್ಟುವುದು. ಬಜೆಟ್ಟಿನಲ್ಲಿ ಆ ಸಾಲಿಗೆ 'ಊಹಿಸಿದ ಆದಾಯ' ಎಂದು ಹೆಸರಿಟ್ಟವಳೂ ಅವಳೇ. ಮಗ ಏನೂ ಕೊಡುವುದಿಲ್ಲ ಎನ್ನುವವರು ಬೋರ್ಡಿನ ಮುಂದೆ ತಾವೇ ಬಂದು ಹಾಗೆಂದು ಹೇಳಿದರೆ ಅವರಿಗೆ ವಿನಾಯಿತಿ. "ಎಷ್ಟು ಜನ ಬಂದು ಹಾಗೆ ಹೇಳಬಹುದು?" ಎಂದು ವಾಂಡಾ ಕೇಳಿದಾಗ ಕುಮುದಾ ಒಂದು ಕ್ಷಣವೂ ಯೋಚಿಸದೆ, "ಯಾರೂ ಬರುವುದಿಲ್ಲ" ಎಂದಿದ್ದಳು. ಗಂಟಲು ಹಿಸುಕಿದರೂ ತಮ್ಮವರು ಆ ಮಾತನ್ನು ಆಡುವುದಿಲ್ಲ, ಅದೂ ಪರರ ಮುಂದೆ, ಅದೂ ಮೈಕಿನಲ್ಲಿ. ಅವರ ಮಾನವನ್ನು ಅವಳು ಲೆಕ್ಕಕ್ಕೆ ಹಿಡಿದಿದ್ದಳು; ಅದು ವಿಮೆ ಕಂತಿಗಿಂತ ಗಟ್ಟಿಯಾದ ಲೆಕ್ಕ. ವಾಂಡಾ ಅವಳ ಭುಜ ತಟ್ಟಿ, ನೀನು ನನ್ನ ಸ್ಟಾರ್ ಎಂದಿದ್ದಳು. ಈಗ ಕೊನೆಯ ಕುರ್ಚಿಯನ್ನು ಬಿಡಿಸುವಾಗ ಅದರ ಸಂದಿಗೆ ಬೆರಳು ಸಿಕ್ಕಿ ಚುರ್ ಎಂದಿತು. ಬೆರಳನ್ನು ಬಾಯಿಗಿಟ್ಟುಕೊಂಡು ನಿಂತವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೆಳಿಗ್ಗೆ ವೆಂಕಟೇಶ್ ಕಾಫಿ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ. "ನೀನೇ ಯಾಕೆ ಟ್ರಾನ್ಸ್‌ಲೇಟ್ ಮಾಡ್ಬೇಕು? ಬೇರೆ ಯಾರಾದ್ರೂ ಮಾಡ್ಲಿ. ಆಂಟಿ ಮಗ ಉಲ್ಲಾಸ್ ಕಿವಿಗೆ ಬಿದ್ರೆ ದೇವಸ್ಥಾನದಲ್ಲಿ ಅವನಿಗೆ ಮುಖ ಹೇಗೆ ತೋರ್ಸೋದು?"

"ನಮ್ಮ ಆಫೀಸಲ್ಲಿ ಕನ್ನಡ ಬರೋರು ಬೇರೆ ಯಾರಿದಾರೆ?"

"ಆಂಟಿಗೆ ಹುಷಾರಿಲ್ಲ ಅಂತ ಹೇಳಿ ತಪ್ಪಿಸು. ಅವರ ಮನೆ ಜಗಳ, ನಾವ್ಯಾಕೆ ಮಧ್ಯ ಹೋಗೋದು." ಆಮೇಲೆ ಲೋಟ ತೊಳೆಯುತ್ತ, ಬೆನ್ನು ಅವಳ ಕಡೆಗಿದ್ದ ಹಾಗೇ, "ಅಮ್ಮನ್ನ ಇಲ್ಲಿಗೆ ಕರೆಸ್ಕೊಳ್ಳೋ ಪೇಪರ್ಸ್ ವಿಷಯ ಏನು ಮಾಡೋಣ?" ಎಂದಿದ್ದ. ಬಜೆಟ್ ಮುಗೀಲಿ ಎಂದಿದ್ದಳು ಅವಳು. ಹೋದ ವರ್ಷ ಆಡಿಟ್ ಮುಗೀಲಿ ಎಂದಿದ್ದಳು. ಅತ್ತೆ ಆರು ತಿಂಗಳು ಬಂದು ಇದ್ದು ಹೋದವರು ಕೆಟ್ಟವರೇನಲ್ಲ. ಅವಳು ತೊಳೆದಿಟ್ಟ ಪಾತ್ರೆಯನ್ನು ಮತ್ತೊಮ್ಮೆ ತೊಳೆಯುತ್ತಿದ್ದರು, ಅಷ್ಟೇ. ಆ ಆರು ತಿಂಗಳು ಕುಮುದಾ ಆಫೀಸಿನಿಂದ ಬಂದು ಗರಾಜಿನಲ್ಲಿ ಕಾರು ಆಫ್ ಮಾಡಿ, ಕತ್ತಲಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದಳು. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದು. ನಮ್ಮಲ್ಲಿ ಮಕ್ಕಳು ತಂದೆತಾಯಿಗಳ ಕೈ ಬಿಡುವುದಿಲ್ಲ ಎಂದು ಮಾರ್ಚ್ ತಿಂಗಳಲ್ಲಿ ಎದೆಯುಬ್ಬಿಸಿ ಹೇಳಿದ ಬಾಯಿ ಇದೇ.

ಜನ ಬರತೊಡಗಿದರು. ವಾಕರ್ ತಳ್ಳಿಕೊಂಡು ಬಂದವರು, ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಬಂದವರು, ಮೀಟಿಂಗಿನಲ್ಲಿ ಕುಕೀಸ್ ಕೊಡುತ್ತಾರೆಂದು ಬಂದವರು. ಎರಡು ಗುಜರಾತಿ ದಂಪತಿಗಳು ಬಂದು ಹಿಂದಿನ ಸಾಲಿನಲ್ಲಿ ಕುಳಿತು ಅವಳಿಗೆ ನಮಸ್ತೆ ಎಂದರು. ಅವರು ಬಾಯಿ ಬಿಡುವವರಲ್ಲ, ಅದು ಅವಳಿಗೆ ಮುಖ ನೋಡಿಯೇ ತಿಳಿಯಿತು. ಕಿಟಕಿಯಾಚೆ ಜುಲೈ ತಿಂಗಳ ಬಿಸಿಲು ಇನ್ನೂ ಪಾರ್ಕಿಂಗ್ ಲಾಟನ್ನು ಬೇಯಿಸುತ್ತಿತ್ತು. ಲೀಲಾವತಿ ಆಂಟಿ ಕೊನೆಗೆ ಬಂದರು. ಇಸ್ತ್ರಿ ಮಾಡಿದ ತಿಳಿನೀಲಿ ಕಾಟನ್ ಸೀರೆ, ಕಾಲಲ್ಲಿ ಬಿಳಿ ವಾಕಿಂಗ್ ಶೂ, ಏಸಿಯ ಚಳಿಗೆ ಮೇಲೊಂದು ಸ್ವೆಟರು. ಹಣೆಗೆ ಹೊಸದಾಗಿ ವಿಭೂತಿ ಹಚ್ಚಿದ್ದರು. ನೇರ ಮೊದಲ ಸಾಲಿಗೆ ಬಂದು ಕುಳಿತು ಕುಮುದಾಳ ಮೊಣಕೈ ಹಿಡಿದುಕೊಂಡು, "ಬೆಳಿಗ್ಗೆಯಿಂದ ದೇವರ ಫೋಟೋ ಮುಂದೆ ನಿಂತು ಹೇಳಿ ಹೇಳಿ ರೂಢಿ ಮಾಡ್ಕೊಂಡಿದೀನಿ. ನಡುವೆ ನಿಂತುಹೋದ್ರೆ ನೀನು ಸ್ವಲ್ಪ ಜ್ಞಾಪಿಸು" ಎಂದರು. ಏನನ್ನು ಜ್ಞಾಪಿಸಬೇಕು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಗೊತ್ತಿದ್ದದ್ದು ಇವತ್ತು ನಿನ್ನೆಯಿಂದಲ್ಲ. ಆರ್ಲಿಂಗ್ಟನ್ ಪಕ್ಕದ ಯೂಲೆಸ್‌ನಿಂದ ಹೂಸ್ಟನ್ನಿಗೆ ಶಿಫ್ಟ್ ಆದಾಗ ಮನೆ ಸಿಗುವವರೆಗೆ ಕುಮುದಾ, ವೆಂಕಟೇಶ್ ಉಳಿದದ್ದು ಪೇರ್ಲ್ಯಾಂಡಿನಲ್ಲಿ ಉಲ್ಲಾಸನ ಮನೆಯಲ್ಲೇ. ಉಲ್ಲಾಸ್ ವೆಂಕಟೇಶನ ಕಾಲೇಜಿನ ಸೀನಿಯರ್, ತೈಲದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ, ಯಾರ ಮನೆಯ ಕಾರ್ಯಕ್ಕಾದರೂ ಮುಂದೆ ನಿಂತು ಬಡಿಸುವವ. ಆ ತಿಂಗಳು ಕುಮುದಾಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕುಳಿತು ಗಂಜಿ ಕುಡಿಸಿದವರು ಲೀಲಾವತಿ ಆಂಟಿ. ಎಲ್ಲರ ಊಟ ಆದಮೇಲೆ ಅವರು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುವುದನ್ನು, ಸೊಸೆ ಬಂದ ಸದ್ದಾದರೆ ತಟ್ಟೆಯನ್ನು ಸಿಂಕಿಗೆ ಸರಿಸುವುದನ್ನು, ಬಟ್ಟೆ ಒಗೆಯುವ ಕೋಣೆಯಲ್ಲಿ ಮಡಚುವ ಮಂಚ ಹಾಕಿಕೊಂಡು ಮಲಗುವುದನ್ನು ಅವಳು ನೋಡಿದ್ದಳು. ಪರರ ಮನೆಯ ಉಪ್ಪು ತಿನ್ನುವಾಗ ಕಣ್ಣು ಎಲ್ಲವನ್ನೂ ನೋಡಬಾರದು ಎಂದುಕೊಂಡಿದ್ದಳು. ಆಮೇಲೊಂದು ದಿನ ದೇವಸ್ಥಾನದಲ್ಲಿ ಉಲ್ಲಾಸ್ ಅವಳನ್ನು ಪಕ್ಕಕ್ಕೆ ಕರೆದು, "ಅಮ್ಮನಿಗೆ ಇಂಡಿಪೆಂಡೆಂಟಾಗಿ ಇರ್ಬೇಕು ಅಂತ ಆಸೆ. ನಿಮ್ಮ ಸೀನಿಯರ್ ಬಿಲ್ಡಿಂಗಲ್ಲಿ ಖಾಲಿ ಇದ್ರೆ ಹೇಳಮ್ಮ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ" ಎಂದಿದ್ದ. ಖಾಲಿ ಇತ್ತು, ಹೇಳಿದ್ದಳು. ನಂಬಿದ್ದಳೋ ಇಲ್ಲವೋ ಈಗ ಹೇಳುವುದು ಕಷ್ಟ, ನಂಬುವುದು ಅನುಕೂಲವಾಗಿತ್ತು. ಆಂಟಿ ಪಕ್ಕದ ಬೀದಿಯ ಉಡುಪಿಯವರ ಮನೆಯಲ್ಲಿ ಕೂಸನ್ನು ನೋಡಿಕೊಂಡು ತಿಂಗಳಿಗೆ ಒಂದಿಷ್ಟು ಸಂಪಾದಿಸುತ್ತಿದ್ದರು, ಅದನ್ನು ಒಂದು ಡಾಲರೂ ಬಿಡದೆ ಆಫೀಸಿಗೆ ತಿಳಿಸಿದ್ದರು. ಹೋದ ಚಳಿಗಾಲದಲ್ಲಿ ಕುಮುದಾ ನೋಡಲು ಹೋದಾಗ, "ನಿನ್ನೆ ತಾನೆ ಉಲ್ಲಾಸ ಬಂದು ಫ್ರಿಜ್ಜು ತುಂಬಿಸಿ ಹೋದ ನೋಡು, ಬೇಡ ಅಂದ್ರೂ ಕೇಳಲ್ಲ" ಎಂದಿದ್ದರು. ನೀರು ತೆಗೆದುಕೊಳ್ಳಲೆಂದು ಕುಮುದಾ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆ ಮೊಸರಿನ ಪಾತ್ರೆ, ಅರ್ಧ ನಿಂಬೆಹಣ್ಣು, ಒದ್ದೆ ಕಾಗದದಲ್ಲಿ ಸುತ್ತಿಟ್ಟ ಕೊತ್ತಂಬರಿ ಸೊಪ್ಪು. "ಹೌದಾ ಆಂಟಿ, ಒಳ್ಳೇದಾಯ್ತು" ಎಂದು ಬಾಗಿಲು ಮುಚ್ಚಿದ್ದಳು. ಆ ಹೊಸ ನಿಯಮ ಆಂಟಿಯ ಮೇಲೆ ಬಿದ್ದರೆ ಕೂಸು ನೋಡಿ ಬಂದದ್ದರ ಮುಕ್ಕಾಲು ಪಾಲು ಬಾಡಿಗೆಗೇ ಹೋಗುತ್ತದೆ. ಆಮೇಲೆ ಎರಡು ತಿಂಗಳು ತಡೆದಾರು, ಮೂರು ತಿಂಗಳು ತಡೆದಾರು. ಅದಾದಮೇಲೆ ಪೇರ್ಲ್ಯಾಂಡಿಗೆ ಗಂಟು ಕಟ್ಟಬೇಕು. ಮೈಸೂರಿನಲ್ಲಿ ಅವರದೆನ್ನುವುದು ಏನೂ ಉಳಿದಿರಲಿಲ್ಲ. ಇದ್ದದ್ದನ್ನು ಮಾರಿಯೇ ಮಗನ ಮನೆಯ ಮುಂಗಡಕ್ಕೆ ಸೇರಿಸಿದ್ದರು.

ಐದು ಜನ ಬೋರ್ಡಿನವರು ಬಿಳಿ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಸಾಲಾಗಿ ಕುಳಿತರು. ನಡುವೆ ಕೋಪ್‌ಲ್ಯಾಂಡ್, ತುದಿಯಲ್ಲಿ ಮಿಸೆಸ್ ಗಿಲ್ಯಾರ್ಡ್. ಇವರು ಇದೇ ಕಟ್ಟಡದಲ್ಲಿ ಬಾಡಿಗೆಗಿದ್ದು, ಬಾಡಿಗೆದಾರರ ಪರವಾಗಿ ಬೋರ್ಡಿನಲ್ಲಿ ಕುಳಿತವರು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ದಪ್ಪ ಕನ್ನಡಕದ ಕರಿಯ ಹೆಂಗಸು. ವಾಂಡಾ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಯಮವನ್ನು ಓದಿದಳು. ಬರವಣಿಗೆ ಕುಮುದಾಳದ್ದೇ, ವಾಂಡಾಳ ಬಾಯಲ್ಲಿ ಅದು ಇನ್ನೂ ನ್ಯಾಯವಾಗಿ ಕೇಳಿಸಿತು. ಒಬ್ಬ ಮುದುಕ ಎದ್ದು ಲಿಫ್ಟಿನ ಬಗ್ಗೆ ಕೂಗಾಡಿದ. ಇನ್ನೊಬ್ಬಾಕೆ ಪಕ್ಕದ ಮನೆಯ ನಾಯಿಯ ಬಗ್ಗೆ ಹೇಳಿದರು. ಗುಜರಾತಿ ದಂಪತಿಗಳು ನೆಲ ನೋಡುತ್ತ ಕುಳಿತಿದ್ದರು. ಇಷ್ಟಕ್ಕೇ ಮುಗಿಯಬಹುದು ಎಂದು ಕುಮುದಾ ಅಂದುಕೊಳ್ಳುವಷ್ಟರಲ್ಲಿ ಆಂಟಿ ಸ್ವೆಟರಿನ ಗುಂಡಿಯೆಲ್ಲ ಹಾಕಿಕೊಂಡು ಎದ್ದುನಿಂತರು. ಅವಳೂ ಏಳಲೇಬೇಕಾಯಿತು. ಮೈಕು ಒಂದೇ ಇದ್ದದ್ದರಿಂದ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು. ಆಂಟಿಯ ಸೀರೆಯಿಂದ ಕರ್ಪೂರದ ವಾಸನೆ ಬರುತ್ತಿತ್ತು.

ಆಂಟಿ ಬೋರ್ಡಿನವರಿಗೆ ಕೈಮುಗಿದು, ಅವಳನ್ನಲ್ಲ, ಕೋಪ್‌ಲ್ಯಾಂಡರನ್ನೇ ನೋಡುತ್ತ ಮಾತಾಡಿದರು. "ನನ್ನ ಹೆಸರು ಲೀಲಾವತಿ. ನಾಲ್ಕನೇ ಮಹಡೀಲಿದೀನಿ. ನನ್ನ ಮಗ ಉಲ್ಲಾಸ ನಂಗೆ ಏನೂ ಕೊಡಲ್ಲ. ಹಿಂದೇನೂ ಕೊಟ್ಟಿಲ್ಲ. ಈ ಮನೆಗೆ ಬಂದ್ಮೇಲೆ ಒಂದು ಸಲ ಬಂದಿದ್ದ. ಹೊಸಾ ಮನೆ ಗೃಹಪ್ರವೇಶಕ್ಕೆ ಬೇಕು ಅಂತ ನನ್ನ ಬೆಳ್ಳಿ ದೀಪ ತಗೊಂಡು ಹೋದ. ನನ್ನ ಕರೀಲಿಲ್ಲ. ಇದನ್ನ ನಾನು ಯಾರ ಹತ್ರಾನೂ ಹೇಳಿಲ್ಲ. ಕೇಳ್ದೋರಿಗೆಲ್ಲ ಕೊಡ್ತಾನೆ, ಬರ್ತಾನೆ ಅಂತಾನೇ ಹೇಳ್ಕೊಂಡು ಬಂದೆ. ಅದೆಲ್ಲ ಸುಳ್ಳು. ನನ್ನ ಸುಳ್ಳು ನಂಬಿ ನೀವು ಬಾಡಿಗೆ ಹೆಚ್ಚು ಮಾಡಿದ್ರೆ ತಪ್ಪು ನಿಮ್ಮದಲ್ಲ. ಆದ್ರೆ ಇವತ್ತು ದೇವರ ಮೇಲೆ ಆಣೆ ಇಟ್ಟು ನಿಜ ಹೇಳ್ತಿದೀನಿ. ಆ ಮನೆಗೆ ನಾನು ತಿರುಗಿ ಹೋಗಲಾರೆ. ನನ್ನ ಇಲ್ಲೇ ಇರೋಕೆ ಬಿಡಿ." ಎಲ್ಲೂ ತಡವರಿಸಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಹೇಳಿ ಮುಗಿಸಿ, ಈಗ ನಿನ್ನ ಸರದಿ ಎನ್ನುವ ಹಾಗೆ ಅವಳ ಬೆನ್ನ ಮೇಲೆ ಕೈಯಿಟ್ಟರು.

ಕುಮುದಾ ಮೈಕಿಗೆ ಬಗ್ಗಿದಳು. ಹೆಸರು ಹೇಳಿದಳು, ಮಹಡಿ ಹೇಳಿದಳು. ಮುಂದಿನ ವಾಕ್ಯ ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳದ್ದು, ಸಣ್ಣ ಮಕ್ಕಳೂ ಹೇಳಬಹುದಾದದ್ದು; ಅದು ಅವಳ ನಾಲಗೆಯ ತುದಿಗೆ ಬಂದು ನಿಂತಿತ್ತು. ಕೋಪ್‌ಲ್ಯಾಂಡ್ ಗಲ್ಲಕ್ಕೆ ಕೈಕೊಟ್ಟು ತಲೆ ಒಂದು ಕಡೆ ವಾಲಿಸಿ ಅವಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಮಾರ್ಚ್ ತಿಂಗಳ ಅದೇ ಮೆಚ್ಚುಗೆ ಇತ್ತು. ನಿಮ್ಮವರು ನಮ್ಮ ಹಾಗಲ್ಲ ಎನ್ನುವ, ಸ್ವಲ್ಪ ನೋವೂ ಬೆರೆತ ಮೆಚ್ಚುಗೆ. ಆ ಮುಖದೆದುರು ತಾನು ಉಗುಳಿದ ಮಾತನ್ನು ತಾನೇ ನುಂಗಬೇಕು. ಹಿಂದಿನ ಸಾಲಿನಲ್ಲಿ ಗುಜರಾತಿಗಳು ಕೇಳುತ್ತಿದ್ದಾರೆ. ನಾಳೆ ವಾಂಡಾ ಬ್ರೇಕ್ ರೂಮಿನಲ್ಲಿ ಕಾಫಿ ಬಗ್ಗಿಸುತ್ತ, ಹಾಗಾದರೆ ನಿಮ್ಮವರೂ ನಮ್ಮ ಹಾಗೇ ಅನ್ನು ಎಂದು ನಗುತ್ತಾಳೆ. ಟೇಪು ತಿರುಗುತ್ತಿದೆ, ಉಲ್ಲಾಸನ ಹೆಸರು ಅದರಲ್ಲಿ ಉಳಿಯುತ್ತದೆ. ತಾಯಿಯ ದೀಪ ಕೊಂಡುಹೋದ ಮಗ. ಆ ಮಗನ ಮನೆಯಲ್ಲಿ ತಿಂಗಳು ಉಂಡವಳು. ಗರಾಜಿನ ಕತ್ತಲಲ್ಲಿ ಕುಳಿತವಳು. ಇಷ್ಟೂ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವಳೊಳಗೆ ಹಾದುಹೋಯಿತು. ಆಮೇಲೆ ಅವಳು ಕೇಳಿಸಿಕೊಂಡದ್ದು ತನ್ನದೇ ಧ್ವನಿ, ಆಫೀಸಿನ ನುಣುಪು ಧ್ವನಿ. "ತಮ್ಮ ಮಗ ಕೈಲಾದಷ್ಟು ಮಾಡುತ್ತಾನೆ ಎನ್ನುತ್ತಿದ್ದಾರೆ. ಅದನ್ನೆಲ್ಲ ಹೊರಗೆ ಹೇಳಿಕೊಳ್ಳುವುದು ಅವರಿಗೆ ಇಷ್ಟವಿಲ್ಲ. ಈ ಕಟ್ಟಡ ಅವರಿಗೆ ತುಂಬ ಮೆಚ್ಚಿಗೆಯಾಗಿದೆ. ಬೋರ್ಡಿನವರು ದಯೆಯಿಟ್ಟು ಯೋಚಿಸಬೇಕು ಎಂದು ಕೇಳಿಕೊಳ್ಳುತ್ತಿದ್ದಾರೆ."

ಸನ್ ಎಂಬ ಪದ ಕಿವಿಗೆ ಬಿದ್ದಾಗ ಆಂಟಿ ಹೌದು ಹೌದು ಎಂದು ಗೋಣು ಹಾಕಿದರು.

ಮಿಸೆಸ್ ಗಿಲ್ಯಾರ್ಡ್ ಕನ್ನಡಕ ತೆಗೆದು ಒರೆಸಿಕೊಂಡು, "ಆಕೆ ಅಷ್ಟು ಹೊತ್ತು ಮಾತಾಡಿದರು, ಇಂಗ್ಲಿಷಿನಲ್ಲಿ ಇಷ್ಟೇ ಆಯಿತೇ?" ಎಂದರು. ಯಾರೋ ಸಣ್ಣಗೆ ನಕ್ಕರು. ಅವರು ನಗಲಿಲ್ಲ. "ಕೈಲಾದಷ್ಟು ಅಂದರೆ ಎಷ್ಟು? ಕೊಡುತ್ತಾನೋ ಇಲ್ಲವೋ? ಕೇಳು ಮಗಳೇ." ಇದು ದೇವರು ಕೊಟ್ಟ ಎರಡನೆಯ ಅವಕಾಶ ಎಂದು ಕುಮುದಾಗೆ ಆ ಗಳಿಗೆಯಲ್ಲೇ ಹೊಳೆಯಿತು. ಕೇಳಿದರೆ ಸಾಕು. ಆಂಟಿ ಇಲ್ಲ ಎನ್ನುತ್ತಾರೆ, ಆ ಇಲ್ಲ ಎನ್ನುವುದು ಯಾವ ಭಾಷೆಯವರಿಗೂ ಮುಖ ನೋಡಿದರೆ ತಿಳಿಯುತ್ತದೆ, ತಾನು ಬಾಯಿ ಬಿಡುವುದೇ ಬೇಡ. ಅವಳು ಆಂಟಿಯ ಕಡೆ ತಿರುಗಿದಳು. ಅಷ್ಟು ಹತ್ತಿರದಿಂದ ಅವರ ಕಣ್ಣಿನ ಸುತ್ತಲಿನ ಗೆರೆ, ಕಿವಿಯ ಬೆಂಡೋಲೆಯ ಮಾಸಿದ ಬಿಳಿಹರಳು ಎಲ್ಲ ಕಾಣಿಸುತ್ತಿತ್ತು.

"ಆಂಟಿ, ನಿಮ್ಮ ಆರೋಗ್ಯ ಹೇಗಿದೆ ಅಂತ ಕೇಳ್ತಿದಾರೆ" ಎಂದಳು.

ಎಲ್ಲಿಂದ ಬಂತು ಆ ಮಾತು, ಅವಳಿಗೇ ಗೊತ್ತಾಗಲಿಲ್ಲ. ಆಂಟಿಯ ಮುಖ ಅರಳಿತು. ಪರದೇಶದ ಇಷ್ಟು ದೊಡ್ಡ ಜನ ತನ್ನ ಆರೋಗ್ಯ ವಿಚಾರಿಸಿದರಲ್ಲ ಎಂದು. "ಮಂಡಿ ಒಂದು ನೋಯತ್ತೆ, ಬಿಪಿಗೆ ಮಾತ್ರೆ ತಗೋತೀನಿ. ಮಿಕ್ಕಿದ್ದೆಲ್ಲ ಚೆನ್ನಾಗಿದೀನಿ ಅನ್ನು. ಆ ಕನ್ನಡಕದವರಿಗೆ ನನ್ನ ನಮಸ್ಕಾರ ಹೇಳು." ಮಿಸೆಸ್ ಗಿಲ್ಯಾರ್ಡ್ ಕಡೆಗೆ ಕೈಮುಗಿದು ನಕ್ಕರು. ಕುಮುದಾ ಮೈಕಿಗೆ ಬಗ್ಗಿ, "ಇಷ್ಟೇ ಎಂದು ಇಲ್ಲವಂತೆ. ಮಗ ಕೊಟ್ಟದ್ದನ್ನು ತಾಯಿ ಎಣಿಸಿಡುವುದು ನಮ್ಮಲ್ಲಿ ವಾಡಿಕೆಯಿಲ್ಲ" ಎಂದಳು. ಕೋಪ್‌ಲ್ಯಾಂಡ್ ಕಣ್ಣು ಕೆಳಗೆ ಮಾಡಿ, "ನಮ್ಮ ತಾಯಿಯೂ ಹಾಗೇ ಇದ್ದರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಿಸೆಸ್ ಗಿಲ್ಯಾರ್ಡ್ ಮಾತ್ರ ಕನ್ನಡಕದ ಮೇಲಿನಿಂದ ಆಂಟಿಯನ್ನೊಮ್ಮೆ, ಕುಮುದಾಳನ್ನೊಮ್ಮೆ ನೋಡುತ್ತಲೇ ಇದ್ದರು. ಶಾಲೆಯ ಬಸ್ಸಿನ ಕನ್ನಡಿಯಲ್ಲಿ ಎಷ್ಟೋ ವರ್ಷ ಹಿಂದಿನ ಸೀಟಿನವರ ಮೇಲೆ ಕಣ್ಣಿಟ್ಟವರ ನೋಟ ಅದು.

ಕುಳಿತುಕೊಂಡ ಮೇಲೆ ಆಂಟಿ ಅವಳ ಕಿವಿಗೆ ಬಾಯಿಟ್ಟು, "ದೀಪದ ವಿಷಯಾನೂ ಹೇಳಿದ್ಯಾ?" ಎಂದರು. ಅವಳು ಹೂಂ ಎಂದು ತಲೆಯಾಡಿಸಿದಳು. "ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು ಕಣೇ. ಹೇಳಿದ್ರೆ ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ. ಏನೂ ಆಗ್ಲಿಲ್ಲ ನೋಡು." ಅವರ ಕೈ ಬೆಚ್ಚಗಿತ್ತು. ಬೋರ್ಡಿನವರು ಛಾವಣಿಯ ಟೆಂಡರಿನ ವಿಷಯ ಮಾತಾಡುತ್ತಿದ್ದರು. ಒಂದು ಪದವೂ ಅವಳ ತಲೆಗೆ ಇಳಿಯುತ್ತಿರಲಿಲ್ಲ. ಈಗಲೂ ಆಗಬಹುದು. ಎದ್ದು ನಿಂತು, ಕ್ಷಮಿಸಿ, ನಾನು ತಪ್ಪು ಹೇಳಿದೆ, ಅವರು ಹೇಳಿದ್ದು ಹೀಗೆ ಎಂದರೆ ಆಯಿತು. ಹೆಚ್ಚೆಂದರೆ ಕೆಲಸ ಹೋಗಬಹುದು. ವೆಂಕಟೇಶ್ ಒಂದು ವಾರ ಮಾತು ಬಿಡಬಹುದು. ಅಷ್ಟೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಕೋಪ್‌ಲ್ಯಾಂಡ್, ಓಟಿಗೆ ಹಾಕುವ ಮೊದಲು ಇನ್ನೇನಾದರೂ ಇದೆಯೇ ಎಂದು ಕೇಳಿದಾಗ ಕುಮುದಾ ನಿಜಕ್ಕೂ ಎದ್ದು ನಿಂತಳು. ಎಲ್ಲರೂ ತಿರುಗಿದರು. "ಹೇಳು" ಎಂದರು ಕೋಪ್‌ಲ್ಯಾಂಡ್ ಮೆತ್ತಗೆ. ಮಿಸೆಸ್ ಗಿಲ್ಯಾರ್ಡ್ ಮುಂದಕ್ಕೆ ಬಾಗಿದರು. ಅವಳ ಬಾಯಿ ತೆರೆಯಿತು.

"ಟೇಪು ಮುಗಿದಿರಬಹುದು. ಬದಲಾಯಿಸಬೇಕೇನೋ ನೋಡುತ್ತೇನೆ" ಎಂದಳು.

ವಾಂಡಾ ಅಲ್ಲಿಂದಲೇ ಟೇಪು ಇನ್ನೂ ಇದೆಯೆಂದು ಕೈಸನ್ನೆ ಮಾಡಿದಳು. ಅವಳು ಕುಳಿತಳು. ಒಬ್ಬೊಬ್ಬರಾಗಿ ಕೈ ಎತ್ತಿದರು. ಮಿಸೆಸ್ ಗಿಲ್ಯಾರ್ಡ್ ಒಬ್ಬರು ಬೇಡ ಎಂದರು, ಉಳಿದವರು ಬೇಕು ಎಂದರು. ವಿನಾಯಿತಿ ಕೇಳಿದವರು ಇದ್ದಾರೆಯೇ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ವಾಂಡಾ ಯಾರೂ ಇಲ್ಲ ಎಂದಳು. ಕುಮುದಾ ಮಾರ್ಚ್ ತಿಂಗಳಲ್ಲಿ ಹೇಳಿದ್ದ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು. ಜನ ಎದ್ದು ಕುಕೀಸಿನ ಮೇಜಿನ ಕಡೆ ನಡೆದರು, ವಾಕರುಗಳ ಕಾಲು ನೆಲಕ್ಕೆ ತಾಗುವ ಸದ್ದು. ಕೋಪ್‌ಲ್ಯಾಂಡ್ ತಾವಾಗಿಯೇ ಬಂದು ಬಗ್ಗಿ ಆಂಟಿಯ ಕೈ ಕುಲುಕಿ, ನಿಮ್ಮ ಮಗ ಅದೃಷ್ಟವಂತ ಎಂದು ಹೇಳಿ ಹೋದರು. ಆಂಟಿ ಥ್ಯಾಂಕ್ಯೂ ಥ್ಯಾಂಕ್ಯೂ ಎಂದರು. ಆಮೇಲೆ ಸ್ವೆಟರಿನ ತೋಳು ಸರಿಮಾಡಿಕೊಳ್ಳುತ್ತ ಕುಮುದಾಳ ಕಡೆ ತಿರುಗಿದರು.

"ಏನಂದ್ರು? ಆಯ್ತಾ ನಂದು?"

ನಾನು ಹೇಳಲಿಲ್ಲ ಆಂಟಿ. ಈ ಮೂರು ಪದಗಳನ್ನು ಕನ್ನಡದಲ್ಲಿ ಹೇಳುವುದಕ್ಕೆ ಯಾವ ಅನುವಾದವೂ ಬೇಕಿರಲಿಲ್ಲ.

"ಇಲ್ಲ ಆಂಟಿ. ಬಾಡಿಗೆ ಜಾಸ್ತಿ ಆಗತ್ತೆ" ಎಂದಳು. "ಅವರು... ನೀವು ಹೇಳಿದ್ದನ್ನ ಅವರು ನಂಬಲಿಲ್ಲ."

ಆಂಟಿ ಅತ್ತ ತಿರುಗಿದರು. ಮೇಜಿನ ಹತ್ತಿರ ನಿಂತು ಯಾರದೋ ಮಾತಿಗೆ ತಲೆದೂಗುತ್ತಿದ್ದ ಕೋಪ್‌ಲ್ಯಾಂಡರನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಕೋಪವಾಗಲಿ ಅಳುವಾಗಲಿ ಬರಬಹುದೆಂದು ಕುಮುದಾ ಕಾದಳು. ಬಂದರೆ ತಡೆದುಕೊಳ್ಳಬಹುದು ಎಂದುಕೊಂಡಳು. ಅದಾವುದೂ ಬರಲಿಲ್ಲ.

"ಪಾಪ, ಒಳ್ಳೆ ಜನ ಕಣೇ" ಎಂದರು ಆಂಟಿ. "ಹೆತ್ತ ಮಗ ಹಾಗೂ ಮಾಡ್ತಾನೆ ಅಂತ ನಂಬೋಕೆ ಅವರಿಗೂ ಮನಸ್ಸು ಬರಲಿಲ್ಲ ನೋಡು."